ಚಿಪ್ಸ್ ಕೇಳುವ ಬೆಕ್ಕಿಗೆ ಬೇಕಿರುವುದು ಏನು?

ಬೆಕ್ಕು ಚಿಪ್ಸ್ ತಿನ್ನುವುದನ್ನು ಹತ್ತಿರದಿಂದ ನೋಡಿದ್ದೀರಾ? ಮೊದಲು ಮೂಸುತ್ತದೆ. ಮುಂಗಾಲಿನಿಂದ ಸ್ವಲ್ಪ ತಳ್ಳಿ ನೋಡುತ್ತದೆ. ಆಮೇಲೆ ಅದೇ ಕಾಲಿನಿಂದ ಅದುಮಿ ಹಿಡಿದು ನೆಕ್ಕಲು ಶುರು ಮಾಡುತ್ತದೆ. ಬೆಕ್ಕಿನ ನಾಲಿಗೆ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ಗರಿಗರಿ ಚಿಪ್ಸ್ ಮೇಲೆ ಆ ನಾಲಿಗೆ ಆಡುವಾಗ ಸಣ್ಣಗೆ ಉಜ್ಜಿದ ಸದ್ದು ಕೇಳಿಸುತ್ತದೆ. ಮೇಲಿನ ಎಣ್ಣೆ, ಉಪ್ಪು, ಮಸಾಲೆ ಪುಡಿ ಎಲ್ಲ ಹೋದಮೇಲೆ ಚಿಪ್ಸ್ ಒದ್ದೆಯಾಗಿ, ಮೆತ್ತಗಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಚಿನ್ನಿಯಂತೂ ಆ ಹೊತ್ತಿಗೆ ಎದ್ದು ಹೊರಟಿರುತ್ತಾಳೆ. ಆಲೂಗಡ್ಡೆ ಅವಳಿಗೆ ಬೇಕಾಗಿಯೇ ಇಲ್ಲ.

ಮನೆಗೆ ಮಕ್ಕಳು ಬಂದಾಗ ಒಂದೋ ಎರಡೋ ಚಿಪ್ಸ್ ಕೆಳಗೆ ಬಿದ್ದೇ ಬೀಳುತ್ತವೆ. ಅವಳು ಅದನ್ನು ಹೀಗೆ ನೆಕ್ಕುವುದನ್ನು ನೋಡಿ ನೋಡಿ ನನಗೆ ಒಂದು ವಿಷಯ ಗೊತ್ತಾಗಿದೆ. "ಬೆಕ್ಕಿಗೆ ಚಿಪ್ಸ್ ಕೊಡಬಹುದಾ?" ಅಂತ ಕೇಳುವ ಮೊದಲು, ಬೆಕ್ಕು ಆ ಚಿಪ್ಸ್‌ನಲ್ಲಿ ಹುಡುಕುತ್ತಿರುವುದು ಏನು ಅಂತ ಕೇಳಿಕೊಳ್ಳಬೇಕು.

ಬೆಕ್ಕು ಸಾಕುವವರು ಸಿಕ್ಕಾಗಲೆಲ್ಲ ಈ ಮಾತು ಬರುತ್ತದೆ. "ಕವರ್ ಸದ್ದು ಕೇಳಿದ್ರೆ ಸಾಕು, ಎಲ್ಲಿದ್ರೂ ಓಡಿ ಬರುತ್ತೆ. ಕೊಟ್ರೆ ಏನಾದ್ರೂ ಆಗುತ್ತಾ?" ಅಂತ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬರೀ ಉಪ್ಪು ಹಾಕಿದ ಒಂದು ಚಿಪ್ಸ್ ಬಿದ್ದದ್ದನ್ನು ಆರೋಗ್ಯವಾಗಿರುವ ದೊಡ್ಡ ಬೆಕ್ಕು ನೆಕ್ಕಿದರೆ ಗಾಬರಿ ಬೀಳಬೇಕಿಲ್ಲ. ಆದರೆ ಕೈಯಾರೆ ಕೊಡುವುದು ಬೇಡ, ಅಭ್ಯಾಸವಂತೂ ಬೇಡವೇ ಬೇಡ. ಇನ್ನು ಈರುಳ್ಳಿ, ಬೆಳ್ಳುಳ್ಳಿ ಸೇರಿದ ಯಾವುದೇ ಕರಿದ ತಿಂಡಿಯ ವಿಷಯ ಬೇರೆ. ಅಲ್ಲಿ "ಒಂಚೂರು ತಾನೇ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ರುಚಿಯ ವಿಷಯ. ಬೆಕ್ಕಿಗೆ ಸಿಹಿ ಗೊತ್ತಾಗುವುದಿಲ್ಲ. ಸಿಹಿಯನ್ನು ಗುರುತಿಸಲು ನಾಲಿಗೆಯಲ್ಲಿ ಎರಡು ಜೀನ್‌ಗಳು ಜೊತೆಯಾಗಿ ಕೆಲಸ ಮಾಡಬೇಕು. ಬೆಕ್ಕಿನಲ್ಲಿ ಅದರಲ್ಲೊಂದು ಯಾವುದೋ ಕಾಲದಲ್ಲೇ ಕೆಟ್ಟು ನಿಂತಿದೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಮೊನೆಲ್ ಸಂಸ್ಥೆಯ ವಿಜ್ಞಾನಿಗಳು 2005ರಲ್ಲಿ ಇದನ್ನು ಕಂಡುಹಿಡಿದರು. ಹುಲಿ ಮತ್ತು ಚೀತಾದಲ್ಲೂ ಹೀಗೇ ಇದೆ. ಹಾಗಾಗಿ ಹೋಳಿಗೆ ತಟ್ಟೆಯ ಹತ್ತಿರ ಬಂದು ಕೂರುವ ಬೆಕ್ಕು ಹೂರಣಕ್ಕೆ ಬಂದಿರುವುದಿಲ್ಲ, ತುಪ್ಪಕ್ಕೆ ಬಂದಿರುತ್ತದೆ. ಐಸ್‌ಕ್ರೀಮ್ ನೆಕ್ಕುವ ಬೆಕ್ಕಿಗೆ ಬೇಕಿರುವುದು ಕೆನೆ. ಚಿಪ್ಸ್ ಕವರ್ ಹತ್ತಿರ ಮೂತಿ ತರುವ ಬೆಕ್ಕಿಗೆ ಬೇಕಿರುವುದು ಎಣ್ಣೆಯ ಜಿಡ್ಡು, ಉಪ್ಪು, ಕರಿದ ವಾಸನೆ. ಪ್ರಾಣಿಯ ಕೊಬ್ಬನ್ನು ತಿಂದು ಬದುಕುವ ಜೀವ ಅದು. ಜಿಡ್ಡಿನ ವಾಸನೆ ಎಲ್ಲಿ ಬಂದರೂ ಅಲ್ಲಿ ಊಟ ಇದೆ ಅಂದುಕೊಳ್ಳುತ್ತದೆ.

ಆ ಜಿಡ್ಡು ಎಷ್ಟು ಅಂತ ಲೆಕ್ಕ ಹಾಕಿದರೆ ವಿಷಯದ ಗಾತ್ರ ಗೊತ್ತಾಗುತ್ತದೆ. 100 ಗ್ರಾಂ ಆಲೂಗಡ್ಡೆ ಚಿಪ್ಸ್‌ನಲ್ಲಿ ಮೂರನೇ ಒಂದು ಪಾಲು ಎಣ್ಣೆಯೇ ಇರುತ್ತದೆ, 530ರಿಂದ 550 ಕ್ಯಾಲೊರಿ. ಒಂದು ಚಿಪ್ಸ್ ಸುಮಾರು 2 ಗ್ರಾಂ ತೂಗುತ್ತದೆ ಅಂದುಕೊಳ್ಳಿ, ಅದು ಹತ್ತು ಹನ್ನೊಂದು ಕ್ಯಾಲೊರಿ. ನಮಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ 4 ಕೆಜಿ ತೂಗುವ ಮನೆಬೆಕ್ಕಿಗೆ ಇಡೀ ದಿನಕ್ಕೆ ಬೇಕಾಗುವುದೇ 200ರಿಂದ 250 ಕ್ಯಾಲೊರಿ. ಹತ್ತು ಚಿಪ್ಸ್ ಹೋದರೆ ಹೆಚ್ಚು ಕಮ್ಮಿ ಅರ್ಧ ದಿನದ ಊಟದ ಜಾಗ ತುಂಬಿತು. ಅದರಲ್ಲಿ ಅದಕ್ಕೆ ಬೇಕಾದ ಮಾಂಸದ ಪ್ರೋಟೀನ್ ಒಂದಿಷ್ಟೂ ಇರುವುದಿಲ್ಲ. ದಪ್ಪಗೆ ಗುಂಡುಗುಂಡಾಗಿರುವ ಬೆಕ್ಕು ನೋಡಲು ಮುದ್ದು, ನಿಜ. ಆದರೆ ದಪ್ಪ ಬೆಕ್ಕುಗಳಿಗೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಜಾಸ್ತಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ದಪ್ಪ ಬೆಕ್ಕು ಯಾವ ಕಾರಣಕ್ಕಾದರೂ ಕೆಲವು ದಿನ ಊಟ ಬಿಟ್ಟರೆ, ಮೈಯಲ್ಲಿರುವ ಕೊಬ್ಬು ಒಮ್ಮೆಲೇ ಲಿವರ್‌ಗೆ ಬಂದು ತುಂಬಿಕೊಳ್ಳುತ್ತದೆ. ಅದು ಪ್ರಾಣಕ್ಕೇ ಬರುವ ಕಾಯಿಲೆ. ಉಪವಾಸ ಬೆಕ್ಕಿಗೆ ಆಗಿಬರುವುದಿಲ್ಲ, ದಪ್ಪ ಬೆಕ್ಕಿಗಂತೂ ಖಂಡಿತ ಇಲ್ಲ.

ಉಪ್ಪಿನ ಬಗ್ಗೆ ಜನ ತುಂಬಾ ಹೆದರುತ್ತಾರೆ. ನನಗೆ ಅಷ್ಟು ಹೆದರಿಕೆ ಇಲ್ಲ. 4 ಕೆಜಿ ಬೆಕ್ಕಿಗೆ ದಿನಕ್ಕೆ ಬೇಕಾಗುವ ಸೋಡಿಯಂ ಸುಮಾರು 40 ಮಿಲಿಗ್ರಾಂ. ಮೂರ್ನಾಲ್ಕು ಚಿಪ್ಸ್‌ನಲ್ಲೇ ಅಷ್ಟು ಬಂದುಬಿಡುತ್ತದೆ. ಆದರೆ ಅಷ್ಟಕ್ಕೇ ವಿಷವಾಗುವುದಿಲ್ಲ. ಮನೆಬೆಕ್ಕಿನ ಪೂರ್ವಜರು ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನೆಲದಲ್ಲಿದ್ದ ಕಾಡುಬೆಕ್ಕುಗಳು. ಹಾಗಾಗಿ ಮೂತ್ರವನ್ನು ತುಂಬಾ ಗಟ್ಟಿ ಮಾಡಿ ಉಪ್ಪನ್ನು ಹೊರಹಾಕುವ ಕಸುವು ಅದರ ಕಿಡ್ನಿಗೆ ಇದೆ, ಕುಡಿಯಲು ನೀರು ಇದ್ದರೆ. ತೊಂದರೆ ಇರುವುದು ವಯಸ್ಸಾದ ಬೆಕ್ಕಿಗೆ. ಮುದಿ ಬೆಕ್ಕುಗಳಲ್ಲಿ ಕಿಡ್ನಿ ಕಾಯಿಲೆ ತುಂಬಾ ಸಾಮಾನ್ಯ. ಕಿಡ್ನಿಯದೋ ಹೃದಯದ್ದೋ ತೊಂದರೆ ಇರುವ ಬೆಕ್ಕಿಗೆ ಉಪ್ಪಿನ ತಿಂಡಿ ಒಂದು ಚೂರೂ ಬೇಡ.

ಈಗ ಈರುಳ್ಳಿ. ನಾನು ಈ ಬರಹ ಬರೆಯುತ್ತಿರುವುದೇ ಇದಕ್ಕಾಗಿ.

ನಮ್ಮಲ್ಲಿ ಕರಿದ ಆಲೂಗಡ್ಡೆ ಅಂದರೆ ಬರೀ ಚಿಪ್ಸ್ ಅಲ್ಲ ಅಲ್ವಾ? ಮಳೆ ಬಂದರೆ ಆಲೂ ಬೋಂಡಾ. ಭಾನುವಾರ ಮಸಾಲೆ ದೋಸೆ, ಅದರೊಳಗೆ ಪಲ್ಯ. ಬೇಸಿಗೆಯಲ್ಲಿ ಮಾಡಿಟ್ಟ ಆಲೂಗಡ್ಡೆ ಹಪ್ಪಳ. ಬೇಕರಿಯ ಆಲೂ ಬನ್, ಸಂಜೆ ಗಾಡಿಯ ಸಮೋಸ. ಬೋಂಡಾದ ಒಳಗಿನ ಪಲ್ಯದಲ್ಲಿ, ದೋಸೆಯ ಪಲ್ಯದಲ್ಲಿ ಈರುಳ್ಳಿ ಧಾರಾಳವಾಗಿ ಬೀಳುತ್ತದೆ. ಕೆಂಪು ಚಟ್ನಿಗೆ ಬೆಳ್ಳುಳ್ಳಿ. ಮೆತ್ತಗಿರುತ್ತದೆ, ಎಣ್ಣೆ ಹಿಡಿದಿರುತ್ತದೆ, ಬೆಕ್ಕು ಚಿಪ್ಸ್‌ನಂತೆ ನೆಕ್ಕಿ ಬಿಡದೆ ಪೂರ್ತಿ ತಿನ್ನುತ್ತದೆ. ತಟ್ಟೆಯ ಅಂಚಿನಿಂದ ಒಂದು ತುತ್ತು ಪಲ್ಯ ಬೆಕ್ಕಿಗೆ ಹಾಕುವುದು ಎಷ್ಟೋ ಮನೆಗಳಲ್ಲಿ ಪ್ರೀತಿಯ ರೂಢಿ. ಪಕ್ಕದ ಮನೆಯ ಆಂಟಿ ಹೀಗೆ ಹಾಕುವಾಗ ನಾನು ಬೇಡ ಅಂದರೆ, "ಖಾರ ಇಲ್ಲಮ್ಮಾ, ಮಕ್ಕಳಿಗೆ ಅಂತ ಮಾಡಿದ್ದು" ಅಂದರು. ಅವರ ಗಮನವೆಲ್ಲ ಖಾರದ ಮೇಲಿತ್ತು. ಖಾರ ಬಾಯಿ ಉರಿಸುತ್ತದೆ, ಹೆಚ್ಚೆಂದರೆ ವಾಂತಿ ಭೇದಿ ಆಗುತ್ತದೆ. ಈರುಳ್ಳಿ ರಕ್ತವನ್ನೇ ಕೆಡಿಸುತ್ತದೆ.

ಹೇಗೆ ಅಂದರೆ, ಈರುಳ್ಳಿ ಬೆಳ್ಳುಳ್ಳಿಗೆ ಆ ಘಾಟು ಬರುವುದು ಗಂಧಕದ ಸಂಯುಕ್ತಗಳಿಂದ. ಅವು ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಿದಾಗ ಕೆಂಪು ಕಣಗಳೊಳಗಿನ ಹಿಮೋಗ್ಲೋಬಿನ್ ಮೇಲೆ ದಾಳಿ ಮಾಡುತ್ತವೆ. ಹೀಗೆ ಸುಲಭವಾಗಿ ದಾಳಿಗೆ ಸಿಗುವ ಜಾಗಗಳು ಮನುಷ್ಯನ ಹಿಮೋಗ್ಲೋಬಿನ್‌ನಲ್ಲಿ 2, ನಾಯಿಯದರಲ್ಲಿ 4, ಬೆಕ್ಕಿನದರಲ್ಲಿ 8. ಕೆಟ್ಟ ಹಿಮೋಗ್ಲೋಬಿನ್ ಕಣದ ಅಂಚಿನಲ್ಲಿ ಸಣ್ಣ ಗಂಟಿನಂತೆ ಕೂರುತ್ತದೆ. ಇದಕ್ಕೆ ಡಾಕ್ಟರ್‌ಗಳು ಹೈಂಜ್ ಬಾಡಿ ಅನ್ನುತ್ತಾರೆ. ಅಂಥ ಕಣಗಳು ಬೇಗ ಒಡೆದುಹೋಗುತ್ತವೆ, ಬೆಕ್ಕಿಗೆ ರಕ್ತಹೀನತೆ ಬರುತ್ತದೆ. ಬೇಯಿಸಿದರೆ, ಕರಿದರೆ, ಒಣಗಿಸಿ ಪುಡಿ ಮಾಡಿದರೆ ಈ ಗುಣ ಹೋಗುವುದಿಲ್ಲ. ಬೆಳ್ಳುಳ್ಳಿ ಈರುಳ್ಳಿಗಿಂತ ಹಲವು ಪಟ್ಟು ಜೋರು.

ಬೆಕ್ಕಿನ ತೂಕದ ಪ್ರತಿ ಕೆಜಿಗೆ ಸುಮಾರು 5 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ಬದಲಾವಣೆ ಕಾಣಿಸುತ್ತದೆ. 4 ಕೆಜಿ ಬೆಕ್ಕಿಗೆ 20 ಗ್ರಾಂ, ಅಂದರೆ ಒಂದು ಮಧ್ಯಮ ಗಾತ್ರದ ಈರುಳ್ಳಿಯ ಐದನೇ ಒಂದು ಪಾಲು. 1 ಕೆಜಿ ತೂಗುವ ಮರಿಗೆ 5 ಗ್ರಾಂ ಸಾಕು. ಒಂದು ದೊಡ್ಡ ಚಮಚ ದೋಸೆ ಪಲ್ಯದಲ್ಲಿ ಅಷ್ಟು ಸಲೀಸಾಗಿ ಇರುತ್ತದೆ. ಒಂದೇ ಸಲ ಜಾಸ್ತಿ ತಿನ್ನಬೇಕು ಅಂತಲೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ತಿಂದರೂ ಹಾನಿ ಆಗುತ್ತದೆ.

ಚಿಪ್ಸ್ ಪ್ಯಾಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಪಟ್ಟಿ ಓದಿ. ಮಸಾಲಾ, ಕ್ರೀಮ್ ಆ್ಯಂಡ್ ಆನಿಯನ್, ಟೊಮೇಟೊ, ಹೆಸರು ಏನೇ ಇರಲಿ, ಬಹುತೇಕ ಎಲ್ಲದರಲ್ಲೂ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇರುತ್ತದೆ. ಈರುಳ್ಳಿಯ ತೂಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಪಾಲು ನೀರು, ಒಣಗಿಸಿದರೆ ಉಳಿಯುವ ಒಂದು ಪಾಲಿನಲ್ಲಿ ಅದರ ಸತ್ವವೆಲ್ಲ ಇರುತ್ತದೆ. ಒಂದು ಚಿಪ್ಸ್ ಮೇಲೆ ಅಂಟಿರುವ ಪುಡಿ ತೀರಾ ಕಮ್ಮಿ, ಅದರಿಂದ ಬೆಕ್ಕು ಸಾಯುವುದಿಲ್ಲ. ಆದರೆ ನೆನಪಿಡಿ, ಬೆಕ್ಕು ನೆಕ್ಕುವುದೇ ಆ ಪುಡಿಯನ್ನು. ಆಲೂಗಡ್ಡೆ ಬಿಟ್ಟು ಪುಡಿ ತಿನ್ನುವ ಜೀವಕ್ಕೆ ಮಸಾಲೆ ಚಿಪ್ಸ್ ಕೊಡುವುದು ಅಂದರೆ ಬೇಡದ್ದನ್ನೇ ಆರಿಸಿ ಕೊಟ್ಟಹಾಗೆ.

ಪುಡಿ ಅಂತ ಸುಮ್ನೆ ಇರಬಾರದು ಅನ್ನುವುದಕ್ಕೆ 1998ರ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ. ಕಾಯಿಲೆ ಬಿದ್ದು ಊಟ ಬಿಟ್ಟ ಬೆಕ್ಕುಗಳಿಗೆ ಆಗೆಲ್ಲ ಅಮೆರಿಕದಲ್ಲಿ ಕೋಳಿ ಮುಂತಾದ ಮಾಂಸದಿಂದ ಮಾಡಿದ ಬೇಬಿ ಫುಡ್ ತಿನ್ನಿಸುತ್ತಿದ್ದರು. ಮೆತ್ತಗೆ, ಬೆಚ್ಚಗೆ, ಒಳ್ಳೆ ವಾಸನೆ, ಬೆಕ್ಕು ತಿನ್ನುತ್ತಿತ್ತು. ಅದರ ಕೆಲವು ಬಗೆಗಳಲ್ಲಿ ರುಚಿಗೆ ಅಂತ ಈರುಳ್ಳಿ ಪುಡಿ ಇತ್ತು. ಕ್ಯಾಲಿಫೋರ್ನಿಯಾದ ಪಶುವೈದ್ಯ ಸಂಶೋಧಕರು ಪರೀಕ್ಷೆ ಮಾಡಿ ನೋಡಿದಾಗ, ಅದನ್ನು ತಿಂದ ಬೆಕ್ಕುಗಳ ರಕ್ತದಲ್ಲಿ ಹೈಂಜ್ ಬಾಡಿಗಳು ಹೆಚ್ಚಾಗಿದ್ದವು. ಹುಷಾರಾಗಲಿ ಅಂತ ಪ್ರೀತಿಯಿಂದ ತಿನ್ನಿಸಿದ ಊಟವೇ ರಕ್ತ ಕೆಡಿಸುತ್ತಿತ್ತು.

ಇದೇ ಜಾಗದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬೆಕ್ಕು ಏನೋ ತಿಂದು ಮಂಕಾಗಿದೆ, ಮೈ ಬಿಸಿ ಇದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಅರೆದು ಕೊಡುವವರಿದ್ದಾರೆ. ದಯವಿಟ್ಟು ಬೇಡ. ಆ ಔಷಧಿಯನ್ನು ಸರಿಯಾಗಿ ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ಇಲ್ಲ. ಅದು ಕೂಡ ಹೋಗಿ ಹೊಡೆಯುವುದು ಅದೇ ಸೂಕ್ಷ್ಮವಾದ ಕೆಂಪು ಕಣಗಳಿಗೆ. 500 ಮಿಲಿಗ್ರಾಂನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಲು ಸಾಕು.

ಆಲೂಗಡ್ಡೆಯದೇ ತಪ್ಪು ಇರುವುದು ಹಸಿರಾದಾಗ, ಮೊಳಕೆ ಬಂದಾಗ. ಆಗ ಅದರಲ್ಲಿ ಸೋಲನಿನ್ ಅನ್ನುವ ವಿಷ ಹೆಚ್ಚುತ್ತದೆ, ಕರಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಆಲೂಗಡ್ಡೆಯನ್ನು ನಾವೂ ತಿನ್ನಬಾರದು. ಒಳ್ಳೆ ಆಲೂಗಡ್ಡೆಯನ್ನು ಬರೀ ನೀರಿನಲ್ಲಿ ಬೇಯಿಸಿ ಒಂದು ಚೂರು ಕೊಟ್ಟರೆ ಬೆಕ್ಕಿಗೆ ಏನೂ ಆಗುವುದಿಲ್ಲ, ಉಪಯೋಗವೂ ಅಷ್ಟಾಗಿ ಇಲ್ಲ.

ಇಷ್ಟೆಲ್ಲ ಹೇಳಿದಮೇಲೆ ಒಂದು ಮಾತು ಎದುರಾಗುತ್ತದೆ. ನಮ್ಮ ದೊಡ್ಡಮ್ಮ ಹೇಳುವುದೂ ಅದನ್ನೇ. "ನಮ್ಮ ಕಾಲದಲ್ಲಿ ಬೆಕ್ಕಿಗೆ ಹಾಲನ್ನ ಹಾಕ್ತಿದ್ವಿ, ಮನೇಲಿ ಕರಿದಿದ್ದರಲ್ಲಿ ಒಂದು ಚೂರು ಕೊಡ್ತಿದ್ವಿ. ಯಾವ ಬೆಕ್ಕಿಗೆ ಏನಾಯ್ತು?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮದು ಮಾಂಸ ಮಾಡದ ಮನೆ. ಅಂಥ ಮನೆಗಳಲ್ಲೇ ತಲೆಮಾರುಗಳಿಂದ ಬೆಕ್ಕುಗಳು ಹುಟ್ಟಿ, ಬೆಳೆದು, ಮರಿ ಹಾಕಿವೆ. ಹೇಗೆ ಬದುಕಿದವು?

ಅದಕ್ಕೂ ದೊಡ್ಡಮ್ಮನ ಬಾಯಲ್ಲೇ ಉತ್ತರ ಸಿಕ್ಕಿತು. ಬೆಕ್ಕಿಗೆ ಮೀನಿನ ಪ್ಯಾಕೆಟ್ ತಂದರೆ ಮನೆಯಲ್ಲಿ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ನಾನು ಹಿಂದೆಮುಂದೆ ನೋಡುತ್ತಿದ್ದಾಗ ಅವರು, "ಬೆಕ್ಕಿಗೆಂಥ ಮಡಿ? ರಾತ್ರಿ ಅಟ್ಟದ ಮೇಲೆ ಇಲಿ ಹಿಡಿದು ತಿಂದು ಬರೋದೇ ಅಲ್ವಾ ಅದು?" ಅಂದರು. ವಿಷಯ ಇರುವುದೇ ಅಲ್ಲಿ. ಹಂಚಿನ ಮನೆಯ ಬೆಕ್ಕು ನಮ್ಮ ಹಾಲನ್ನದ ಮೇಲೆ ಬದುಕಿರಲಿಲ್ಲ. ಇಲಿ, ಹಲ್ಲಿ, ಹಕ್ಕಿ, ಹಿತ್ತಲ ಕೀಟ ಅದರ ನಿಜವಾದ ಊಟವಾಗಿತ್ತು. ನಾವು ಹಾಕಿದ್ದು ಬಾಯಿಚಪಲಕ್ಕೆ. ಇವತ್ತು ಅದೇ ಬೆಕ್ಕು ಅಪಾರ್ಟ್‌ಮೆಂಟ್‌ನ ಎಂಟನೇ ಮಹಡಿಯಲ್ಲಿ ಬಾಲ್ಕನಿಗೆ ನೆಟ್ ಹಾಕಿದ ಮನೆಯಲ್ಲಿದೆ. ಇಲಿ ಇಲ್ಲ, ಹಿತ್ತಲಿಲ್ಲ. ಅದರ ಹೊಟ್ಟೆಗೆ ಹೋಗುವ ಪ್ರತಿ ತುತ್ತೂ ನಮ್ಮ ಕೈಯಿಂದಲೇ ಹೋಗಬೇಕು. ಅಜ್ಜಿ ಕಾಲದ ರೂಢಿಯನ್ನು ಹಾಗೇ ಫ್ಲ್ಯಾಟ್‌ಗೆ ತಂದರೆ ಬಾಯಿಚಪಲದ ಭಾಗ ಉಳಿದುಕೊಂಡು ಊಟದ ಭಾಗವೇ ಹೋಗಿಬಿಡುತ್ತದೆ.

ಹೋಗಿಬಿಡುವುದರಲ್ಲಿ ಮುಖ್ಯವಾದದ್ದು ಟಾರಿನ್. ಇದು ಮಾಂಸ ಮತ್ತು ಮೀನಿನಲ್ಲಿ ಸಿಗುವ ಒಂದು ಅಂಶ. ಮನುಷ್ಯನ ಮೈ, ನಾಯಿಯ ಮೈ ಇದನ್ನು ತಾನೇ ಮಾಡಿಕೊಳ್ಳುತ್ತದೆ. ಬೆಕ್ಕಿನ ಮೈ ಬೇಕಾದಷ್ಟು ಮಾಡಿಕೊಳ್ಳಲಾರದು. ಟಾರಿನ್ ಸಾಲದಿದ್ದರೆ ಕಣ್ಣಿನ ಒಳಪದರ ಹಾಳಾಗುತ್ತದೆ, ಹೃದಯದ ಸ್ನಾಯು ಹಿಗ್ಗಿ ಸೋಲುತ್ತದೆ. ಹೃದಯಕ್ಕೂ ಟಾರಿನ್‌ಗೂ ಇರುವ ಈ ನಂಟನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಪಾಲ್ ಪಿಯಾನ್ ಮತ್ತು ಸಂಗಡಿಗರು 1987ರಲ್ಲಿ ತೋರಿಸಿಕೊಟ್ಟರು. ಆಮೇಲೆ ಬೆಕ್ಕಿನ ಆಹಾರ ಮಾಡುವ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು, ಆ ಹೃದಯ ಕಾಯಿಲೆ ಬಹಳ ಅಪರೂಪವಾಯಿತು. ಹಾಲಿನಲ್ಲಿ, ಮೊಸರನ್ನದಲ್ಲಿ, ಆಲೂಗಡ್ಡೆಯಲ್ಲಿ ಟಾರಿನ್ ಇಲ್ಲ ಅನ್ನುವಷ್ಟು ಕಮ್ಮಿ. ಮೊಟ್ಟೆಯಲ್ಲೂ ಅಷ್ಟಾಗಿ ಇಲ್ಲ. ಮೊಟ್ಟೆ ಒಳ್ಳೆ ಪ್ರೋಟೀನ್, ಆದರೆ ಅದೊಂದೇ ಸಾಲದು.

ಹಾಗಾಗಿ ಚಿಪ್ಸ್‌ಗೆ ಹಟ ಮಾಡುವ ಬೆಕ್ಕನ್ನು ನೋಡಿದರೆ ನಾನು ಮೊದಲು ಕೇಳುವುದು ಅದರ ತಟ್ಟೆಯಲ್ಲಿ ಏನಿದೆ ಅಂತ. ಮೊಸರನ್ನ ಅಂದರೆ, ಆ ಬೆಕ್ಕು ಇಡೀ ಮನೆಯಲ್ಲಿ ತನ್ನ ಊಟಕ್ಕೆ ಹತ್ತಿರವಾದ ವಾಸನೆ ಹುಡುಕಿಕೊಂಡು ಚಿಪ್ಸ್ ಕವರ್‌ವರೆಗೆ ಬಂದಿದೆ ಅಂತ ನನಗೆ ಅನಿಸುತ್ತದೆ. ಹೊಟ್ಟೆ ತುಂಬಾ ಸರಿಯಾದ ಊಟ ಸಿಕ್ಕ ಬೆಕ್ಕೂ ಚಿಪ್ಸ್ ಮೂಸುತ್ತದೆ, ಹೌದು. ಆದರೆ ಆ ಹಟ ಇರುವುದಿಲ್ಲ.

ಮಂಗಳೂರು, ಉಡುಪಿ ಕಡೆಯ ಬೆಕ್ಕುಗಳು ಈ ವಿಷಯದಲ್ಲಿ ಪುಣ್ಯವಂತ ಜೀವಗಳು. ಬೂತಾಯಿ, ಬಂಗುಡೆ ಶುಚಿ ಮಾಡುವ ಹೊತ್ತಿಗೆ ಬಾವಿಕಟ್ಟೆ ಹತ್ತಿರ ಬಂದು ಕೂತಿರುತ್ತವೆ. ಅಲ್ಲೂ ಒಂದು ಎಚ್ಚರ ಬೇಕು. ಮಸಾಲೆ ಹಚ್ಚಿ ಕರಿದ ಮೀನಿನಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಕ್ಕಿನ ಪಾಲನ್ನು ಮಸಾಲೆ ಹಚ್ಚುವ ಮೊದಲೇ ತೆಗೆದಿಟ್ಟು, ಬೇಯಿಸಿ, ಮುಳ್ಳು ತೆಗೆದು ಹಾಕಿದರೆ ಚೆನ್ನ.

ಮಾಂಸ ಮಾಡದ ಮನೆಯವರಿಗೆ ನಾನು ಹೇಳುವುದು ಇಷ್ಟು. ಟಾರಿನ್ ಸೇರಿಸಿದ, ಪೂರ್ಣ ಆಹಾರ ಅಂತ ಬರೆದಿರುವ ಬೆಕ್ಕಿನ ಪ್ಯಾಕೆಟ್ ಊಟವನ್ನು ಮುಖ್ಯ ಊಟ ಮಾಡಿ. ಅಡುಗೆಮನೆಗೆ ತರಲು ಮನಸ್ಸಿಲ್ಲದಿದ್ದರೆ ಬಾಲ್ಕನಿಯಲ್ಲಿ ಡಬ್ಬಿ ಇಡಿ, ನಮ್ಮ ಮನೆಯಲ್ಲೂ ಹಾಗೇ ಇಟ್ಟಿದ್ದೇವೆ. ಅದೂ ಆಗುವುದೇ ಇಲ್ಲ, ಮನೆಯೊಳಗೆ ಮೀನಿನ ವಾಸನೆಯೇ ಬೇಡ ಅನ್ನುವವರು ಬೆಕ್ಕು ಸಾಕುವ ಮುಂಚೆ ಇನ್ನೊಂದು ಸಲ ಯೋಚನೆ ಮಾಡಲಿ. ಇದನ್ನು ಬೈದು ಹೇಳುತ್ತಿಲ್ಲ. ಮೊಲ, ಆಮೆಯಂಥ ಜೀವಗಳ ಊಟ ಬೇರೆ, ಬೆಕ್ಕಿನದು ಬೇರೆ. ನಮ್ಮ ಆಚಾರ ನಮಗೆ, ಅದರ ಹೊಟ್ಟೆ ಅದಕ್ಕೆ.

ಸಂಜೆ ನಾವು ಕಾಫಿ ಜೊತೆ ಚಿಪ್ಸ್ ಹಿಡಿದು ಕೂತಾಗ ಅವಳಿಗೂ ಏನಾದರೂ ಕೊಡಬೇಕು ಅನಿಸುವುದು ಸಹಜ. ಜೊತೆಯಲ್ಲಿ ತಿನ್ನುವ ಖುಷಿ ಅವುಗಳಿಗೂ ಇದೆ. ಚಿನ್ನಿಗೆ ಆ ಹೊತ್ತಿಗೆ ಅವಳದೇ ಒಣ ಆಹಾರದ ನಾಲ್ಕು ಕಾಳು ತೆಗೆದಿಟ್ಟಿರುತ್ತೇನೆ, ಒಂದೊಂದಾಗಿ ನೆಲದ ಮೇಲೆ ಉರುಳಿಸುತ್ತೇನೆ. ಅವಳು ಓಡಿ ಹಿಡಿದು ಕಟಕಟ ಅಂತ ಅಗಿದು ತಿನ್ನುತ್ತಾಳೆ. ಕವರ್ ಸದ್ದಿಗೆ ಬಂದವಳಿಗೆ ಏನೋ ಸಿಕ್ಕಿತು, ಅಷ್ಟೇ ಬೇಕಾಗಿತ್ತು. ಕವರ್ ಖಾಲಿ ಆದಮೇಲೆ ಅದರ ತಳವನ್ನೂ ಪಕ್ಕವನ್ನೂ ಕತ್ತರಿಸಿ ಹಾಳೆಯಂತೆ ಬಿಡಿಸಿ ಕಸಕ್ಕೆ ಹಾಕುತ್ತೇನೆ. ಒಳಗಿನ ಪುಡಿ ನೆಕ್ಕಲು ತಲೆ ತೂರಿಸಿದ ಬೆಕ್ಕಿಗೆ ಕವರ್ ಮುಖಕ್ಕೆ ಅಂಟಿ ಉಸಿರು ಕಟ್ಟಬಹುದು. ಬೀದಿ ಬೆಕ್ಕುಗಳ ಸಲುವಾಗಿಯಾದರೂ ಇದನ್ನು ಎಲ್ಲರೂ ಮಾಡಬೇಕು.

ನೋಡದಿದ್ದಾಗ ಬೋಂಡಾವನ್ನೋ ಪಲ್ಯವನ್ನೋ ಬೆಕ್ಕು ತಿಂದೇಬಿಟ್ಟಿತು ಅಂದುಕೊಳ್ಳಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದರಿಂದಲೇ ಉಪ್ಪು ವಿಷವಾಗಬಹುದು. ಬೆಕ್ಕಿನ ತೂಕ ಎಷ್ಟು, ತಿಂದದ್ದು ಏನು, ಹೆಚ್ಚುಕಮ್ಮಿ ಎಷ್ಟು, ಯಾವಾಗ, ಇಷ್ಟನ್ನು ಬರೆದುಕೊಂಡು ಪಶುವೈದ್ಯರಿಗೆ ಫೋನ್ ಮಾಡಿ. ಪ್ಯಾಕೆಟ್ ತಿಂಡಿಯಾದರೆ ಕವರ್ ಎಸೆಯದೆ ಜೊತೆಗೆ ತೆಗೆದುಕೊಂಡು ಹೋಗಿ. ಬೆಂಗಳೂರಿನವರಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಅವತ್ತು ಬೆಕ್ಕು ಚೆನ್ನಾಗಿಯೇ ಓಡಾಡಿಕೊಂಡಿದ್ದರೂ ಮುಗಿಯಿತು ಅಂದುಕೊಳ್ಳಬೇಡಿ. ಕೆಂಪು ಕಣಗಳು ಒಡೆಯಲು ಸಮಯ ಬೇಕು, ಲಕ್ಷಣಗಳು ಕಾಣಿಸಿಕೊಳ್ಳಲು ಹಲವು ದಿನ ಹಿಡಿಯಬಹುದು. ಒಂದು ವಾರದವರೆಗೆ ದಿನಾ ಬೆಳಕಿನಲ್ಲಿ ಕೂರಿಸಿಕೊಂಡು ಮೇಲ್ದುಟಿಯನ್ನು ಹೆಬ್ಬೆರಳಿನಿಂದ ನಿಧಾನಕ್ಕೆ ಎತ್ತಿ ಒಸಡು ನೋಡಿ. ಕೆಲವು ಬೆಕ್ಕುಗಳಿಗೆ ಒಸಡಿನ ಮೇಲೆ ಹುಟ್ಟಿನಿಂದಲೇ ಕಪ್ಪು ಮಚ್ಚೆ ಇರುತ್ತದೆ, ಅದನ್ನು ಬಿಟ್ಟು ಉಳಿದ ಜಾಗ ನೋಡಬೇಕು. ಗುಲಾಬಿ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ, ಹಳದಿಗೆ ತಿರುಗಿದ್ದರೆ, ಮೂತ್ರ ಕಂದು ಕೆಂಪಾಗಿದ್ದರೆ, ಸುಮ್ಮನೆ ಮಲಗಿದ್ದಾಗಲೂ ಉಸಿರು ಜೋರಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ಹೊತ್ತಿಗೆ ಹೊರಡಿ. ಆರೋಗ್ಯವಾಗಿರುವಾಗಲೇ ನಿಮ್ಮ ಬೆಕ್ಕಿನ ಒಸಡನ್ನು ಒಮ್ಮೆ ನೋಡಿಟ್ಟುಕೊಂಡಿರಿ, ಅದರ ಮಾಮೂಲಿ ಬಣ್ಣ ಯಾವುದು ಅಂತ ಗೊತ್ತಿದ್ದರೆ ತಾನೇ ಬದಲಾದದ್ದು ಗೊತ್ತಾಗುವುದು.